ಹತ್ತರಿಂದ ಹದಿನೆಂಟು: ಕೈಖರ್ಚಿನ ಎಂಟು ವರ್ಷ

ಒಂದನೇ ತಾರೀಕಿಗೆ ಕೈಗೆ ಬಂದ ಪಾಕೆಟ್ ಮನಿ ಹದಿನೈದನೇ ತಾರೀಕಿನ ಹೊತ್ತಿಗೆ ಎಲ್ಲಿ ಹೋಯಿತು ಎಂದು ಕೇಳಿದರೆ, ನಿಮ್ಮಲ್ಲಿ ಎಷ್ಟು ಮಂದಿ ನೆಟ್ಟಗೆ ಉತ್ತರ ಹೇಳಬಲ್ಲಿರಿ? "ಏನೋ ತಿಂದೆವು, ರೀಚಾರ್ಜ್ ಮಾಡಿಸಿದೆವು, ಯಾರದೋ ಬರ್ತ್‌ಡೇ ಇತ್ತು" ಎಂಬಲ್ಲಿಗೆ ಲೆಕ್ಕ ಮುಗಿಯುತ್ತದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಅಪ್ಪ, "ನಿಮ್ಮ ವಯಸ್ಸಿನಲ್ಲಿ ನಮಗೆ ಎಂಟಾಣೆ ಸಿಕ್ಕಿದರೆ ಹೆಚ್ಚು..." ಎಂದು ಶುರು ಮಾಡುತ್ತಾರೆ. ನೀವು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತೀರಿ. ಮುಂಬಯಿಯಾಗಲಿ, ಪುಣೆಯಾಗಲಿ, ಹೈದರಾಬಾದಾಗಲಿ, ಈ ದೃಶ್ಯ ನಮ್ಮ ಮನೆಗಳಿಗೆ ಹೊಸತಲ್ಲ.

ಯುವಮಿತ್ರರೇ, ಈ ಲೇಖನ ಅಪ್ಪನ ಉಪದೇಶದ ಮುಂದುವರಿದ ಭಾಗವಲ್ಲ. ಖರ್ಚು ಮಾಡಬೇಡಿ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕಾದ ಮಾತು ಒಂದೇ. ಹತ್ತನೇ ವಯಸ್ಸಿನಿಂದ ಹದಿನೆಂಟರವರೆಗಿನ ಎಂಟು ವರ್ಷ ಹಣದ ವಿಷಯದಲ್ಲಿ ನಿಮಗೆ ಸಿಗುವ ಅಪರೂಪದ ಅವಕಾಶ. ಈ ಅವಧಿಯಲ್ಲಿ ಹಣವನ್ನು ಕೈಯಲ್ಲಿ ಹಿಡಿಯಲು ಕಾನೂನು ನಿಮಗೆ ಬಿಡುತ್ತದೆ, ಆದರೆ ಸಾಲದಲ್ಲಿ ಮುಳುಗಲು ಬಿಡುವುದಿಲ್ಲ. ಹದಿನೆಂಟು ತುಂಬಿದ ದಿನ ಆ ರಕ್ಷಣೆ ಮುಗಿಯುತ್ತದೆ. ಅಷ್ಟರೊಳಗೆ ಲೆಕ್ಕ ಕಲಿತವರಿಗೂ ಕಲಿಯದವರಿಗೂ ಮುಂದಿನ ದಾರಿ ಬೇರೆ ಬೇರೆ.

ಕಾನೂನು ಕಟ್ಟಿದ ಬೇಲಿ

2014ರ ಮೇ ತಿಂಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಒಂದು ಸೂಚನೆ ಹೊರಡಿಸಿತು. ಹತ್ತು ವರ್ಷ ದಾಟಿದ ಮಕ್ಕಳು ಬಯಸಿದರೆ ತಾವೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು ಎಂದಿತು. 2025ರ ಏಪ್ರಿಲ್‌ನಲ್ಲಿ ಈ ನಿಯಮಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿತು. ಎಷ್ಟು ಹಣದವರೆಗೆ ನಡೆಸಬಹುದು, ಎಟಿಎಂ ಕಾರ್ಡು ಕೊಡಬೇಕೇ ಎಂಬುದನ್ನೆಲ್ಲ ಆಯಾ ಬ್ಯಾಂಕು ತೀರ್ಮಾನಿಸುತ್ತದೆ. ಆದರೆ ಒಂದು ಮಾತು ಮಾತ್ರ ಖಚಿತ: ಮಕ್ಕಳ ಖಾತೆಯಲ್ಲಿ ಇರುವ ಹಣಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆಯುವಂತಿಲ್ಲ.

ಇದರ ಹಿಂದೆ ಹಳೆಯ ಕಾನೂನಿನ ಬೆಂಬಲವೂ ಇದೆ. 1872ರ ಕರಾರು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಕರಾರಿಗೆ ಅರ್ಹರಲ್ಲ. ಕಲ್ಕತ್ತೆಯಲ್ಲಿ ಧರ್ಮೋದಾಸ್ ಘೋಷ್ ಎಂಬ ಅಪ್ರಾಪ್ತ ವಯಸ್ಸಿನ ಹುಡುಗ ಮನೆ ಅಡವಿಟ್ಟು ಲೇವಾದೇವಿಗಾರನಿಂದ ಸಾಲ ತೆಗೆದಿದ್ದ. ಆ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1903ರಲ್ಲಿ ಬಂದ ತೀರ್ಪು ಆ ಕರಾರು ಆರಂಭದಿಂದಲೇ ಅಸಿಂಧು ಎಂದಿತು. ಕೊಟ್ಟ ಸಾಲ ಲೇವಾದೇವಿಗಾರನಿಗೆ ಹಿಂದಿರುಗಿ ಬರಲಿಲ್ಲ! ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ಮೊದಲು ಕಲಿಯುವ ಮೊಕದ್ದಮೆಗಳಲ್ಲಿ ಇದೂ ಒಂದು.

ಅಂದರೆ ಈ ಎಂಟು ವರ್ಷಗಳಲ್ಲಿ ನೀವು ತಪ್ಪು ಮಾಡಿದರೂ ಅದು ನಿಮ್ಮ ಕೈಯಲ್ಲಿರುವ ನೂರು, ಐನೂರು ರೂಪಾಯಿಯ ತಪ್ಪು. ಈಜು ಕಲಿಯುವವರನ್ನು ಮೊದಲು ಸೊಂಟದ ಮಟ್ಟದ ನೀರಿಗೆ ಇಳಿಸುತ್ತಾರಲ್ಲವೇ? ಹಾಗೆಯೇ ಇದು.

ಎರಡಾಣೆಯ ಪಾಠ

ಹಣದ ವಿಷಯದಲ್ಲಿ ನಮ್ಮವರಿಗೆ ಒಂದು ಚರಿತ್ರೆಯೇ ಇದೆ. ನಿಮ್ಮಲ್ಲಿ ಅನೇಕರಿಗೆ ಅದು ತಿಳಿದಿರಲಾರದು. ಗದಗ ಸಮೀಪದ ಕಣಗಿನಹಾಳ ಎಂಬ ಹಳ್ಳಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1905ರಲ್ಲಿ ಅಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಕೃಷಿ ಸಹಕಾರಿ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಇನ್ನು ಅವಿಭಜಿತ ದಕ್ಷಿಣ ಕನ್ನಡವನ್ನು ನೋಡಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಎ. ಬಿ. ಶೆಟ್ಟಿಯವರ ವಿಜಯಾ ಬ್ಯಾಂಕು. ಒಂದೇ ಜಿಲ್ಲೆಯಲ್ಲಿ ಇಪ್ಪತ್ತೈದು ವರ್ಷಗಳಲ್ಲಿ ಐದು ಬ್ಯಾಂಕುಗಳು! ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿಯೂ ವಿಲೀನವಾದವು. ಹೆಸರು ಹೋದರೂ ಅವು ಕಲಿಸಿದ ಪಾಠ ಹೋಗಬೇಕಾಗಿಲ್ಲ.

ಆ ಪಾಠಗಳಲ್ಲಿ ದೊಡ್ಡದು ಪಿಗ್ಮಿ. ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ರೂಪಾಯಿಗೆ ಹದಿನಾರು ಆಣೆಯ ಕಾಲ ಅದು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಸಣ್ಣ ವ್ಯಾಪಾರಿಗಳೂ ಕೂಲಿಯವರೂ ಹೀಗೆ ಉಳಿತಾಯ ಕಲಿತರು. ಊರಿಗೆ ಹೋದಾಗ ಕೇಳಿ ನೋಡಿ, ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಇಂದಿಗೂ ಅಂಗಡಿ ಅಂಗಡಿಗೆ ಬರುತ್ತಾರೆ.

ಪಿಗ್ಮಿಯ ಗುಟ್ಟು ಬಡ್ಡಿಯಲ್ಲಿ ಇರಲಿಲ್ಲ. ದಿನವೂ ಒಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರಲ್ಲ, ಗುಟ್ಟು ಇದ್ದದ್ದು ಅಲ್ಲಿ. ಆ ಹೊತ್ತಿಗೆ ಮನುಷ್ಯ ಇವತ್ತು ಎಷ್ಟು ಬಂತು, ಎಷ್ಟು ಹೋಯಿತು ಎಂದು ಒಂದು ಗಳಿಗೆ ಯೋಚಿಸಲೇಬೇಕಿತ್ತು.

ಮುಂಬಯಿಯ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲೇ ಊರು ಬಿಟ್ಟು ಬಂದವರು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತರು. ಸಂಬಳದಲ್ಲಿ ಮೊದಲು ಊರಿಗೆ ಮನಿಯಾರ್ಡರ್, ಉಳಿದದ್ದರಲ್ಲಿ ತಮ್ಮ ತಿಂಗಳು. ಅಂಥ ಬಾಲ್ಯ ಇನ್ನು ಯಾವ ಮಗುವಿಗೂ ಬೇಡ. ಅದನ್ನು ಹೊಗಳಿ ನಿಮ್ಮನ್ನು ತೆಗಳುವುದೂ ಸರಿಯಲ್ಲ. ಆದರೆ ಅವರಿಗಿದ್ದ ಒಂದು ಅನುಕೂಲ ನಿಮಗಿಲ್ಲ. ಅವರ ಹಣ ಅವರ ಕಣ್ಣಿಗೆ ಕಾಣುತ್ತಿತ್ತು.

ಕಾಣದ ಹಣ

ನೂರರ ನೋಟೊಂದು ಜೇಬಿನಲ್ಲಿದ್ದರೆ ಅದನ್ನು ಮುರಿಸಲು ಮನಸ್ಸು ಬರುವುದಿಲ್ಲ. ಮುರಿಸಿದ ಮೇಲೆ ಉಳಿದ ಚಿಲ್ಲರೆ ಅಂಗೈಯಲ್ಲಿ ಕುಳಿತು "ಇಷ್ಟೇ ಉಳಿಯಿತು" ಎನ್ನುತ್ತದೆ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಈಗ ವಡಾಪಾವ್ ಗಾಡಿಯವನಿಂದ ಹಿಡಿದು ರಿಕ್ಷಾದವನವರೆಗೆ ಎಲ್ಲರಲ್ಲೂ ಕ್ಯೂಆರ್ ಕೋಡ್. ಚಿಲ್ಲರೆಯ ಜಗಳ ತಪ್ಪಿತು, ಜೇಬುಗಳ್ಳರ ಭಯ ತಪ್ಪಿತು, ಒಳ್ಳೆಯದೇ. ಆದರೆ ಹತ್ತು ರೂಪಾಯಿ ಕೊಡುವಾಗಲೂ ಸಾವಿರ ರೂಪಾಯಿ ಕೊಡುವಾಗಲೂ ಬೆರಳಿಗೆ ಒಂದೇ ಶ್ರಮ! ಹಣ ಹೋದದ್ದು ಕೈಗೆ ಗೊತ್ತಾಗುವುದಿಲ್ಲ.

ಮೊಬೈಲ್ ಆಟಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ರೂಪಾಯಿಯನ್ನು ಮೊದಲು ವಜ್ರವಾಗಿಯೋ ನಾಣ್ಯವಾಗಿಯೋ ಬದಲಾಯಿಸುತ್ತಾರೆ. ಆಮೇಲೆ ಖರ್ಚಾಗುವುದು ವಜ್ರ, ರೂಪಾಯಿಯಲ್ಲ ಎಂಬ ಭ್ರಮೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಂತೂ ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿದವೆಂದರೆ, 2025ರ ಆಗಸ್ಟ್‌ನಲ್ಲಿ ಅವನ್ನು ನಿಷೇಧಿಸುವ ಕಾನೂನನ್ನು ಸಂಸತ್ತೇ ಅಂಗೀಕರಿಸಬೇಕಾಯಿತು.

ಅಪ್ಪ ಅಮ್ಮನ ಫೋನಿನಿಂದ ಹಣ ಕಳಿಸುವ ಮಕ್ಕಳಿಗೆ ಒಂದು ಒಳ್ಳೆಯ ದಾರಿ 2024ರಲ್ಲಿ ತೆರೆದಿದೆ. ಅದರ ಹೆಸರು ಯುಪಿಐ ಸರ್ಕಲ್. ಹಿರಿಯರೊಬ್ಬರು ತಮ್ಮ ಖಾತೆಯಿಂದ ಪಾವತಿ ಮಾಡುವ ಅಧಿಕಾರವನ್ನು ಮನೆಯವರಿಗೆ ಮಿತಿ ಹಾಕಿ ಕೊಡಬಹುದು. ಆರಂಭದಲ್ಲೇ ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿ, ಒಂದು ಪಾವತಿಗೆ 5,000 ರೂಪಾಯಿ ಎಂದು ನಿಗದಿ ಮಾಡಿದ್ದರು. ಮನೆಯವರು ಇದಕ್ಕಿಂತ ಎಷ್ಟು ಕಡಿಮೆ ಬೇಕಾದರೂ ಇಡಬಹುದು. ಪ್ರತಿ ಪಾವತಿಗೂ ಹಿರಿಯರ ಒಪ್ಪಿಗೆ ಬೇಕು ಎಂಬ ವ್ಯವಸ್ಥೆಯೂ ಇದೆ. ಪಿನ್ ಸಂಖ್ಯೆಯನ್ನು ಕದ್ದು ನೋಡಿ ಬಳಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಒಂದು ತಿಂಗಳ ಜಮಾ-ಖರ್ಚು

ಈಗ ಲೆಕ್ಕಕ್ಕೆ ಬರೋಣ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಇರುವ, ಹನ್ನೊಂದನೇ ತರಗತಿಯಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ತಿಂಗಳಿಗೆ 1,500 ರೂಪಾಯಿ ಕೈಖರ್ಚು. ರೈಲು ಪಾಸು, ಫೀಸು ಮನೆಯವರದು. ಕಾಲೇಜಿನ 22 ದಿನ ಕ್ಯಾಂಟೀನಿನಲ್ಲಿ ದಿನಕ್ಕೆ 30 ರೂಪಾಯಿಯಂತೆ 660. ಮೊಬೈಲ್ ರೀಚಾರ್ಜ್ 250. ಗೆಳತಿಯ ಹುಟ್ಟುಹಬ್ಬಕ್ಕೆ 200. ಜೆರಾಕ್ಸ್, ಪೆನ್ನು, ಫೈಲು ಎಂದು 100. ಒಟ್ಟು 1,210. ಉಳಿಯಬೇಕಾದದ್ದು 290.

ಉಳಿಯುತ್ತದೆಯೇ? ಇಲ್ಲ! ತಡವಾಯಿತೆಂದು ಎರಡು ಸಲ ರಿಕ್ಷಾ, ಮಳೆ ಬಂತೆಂದು ಒಂದು ಸಲ ಮೆಕ್ಕೆಜೋಳ, ಯಾವುದೋ ಆ್ಯಪ್‌ನವರು ತಿಂಗಳು ತಿಂಗಳು ತಾವಾಗಿಯೇ ಕತ್ತರಿಸಿಕೊಳ್ಳುವ ಚಂದಾ. ದೊಡ್ಡ ಖರ್ಚು ಎಲ್ಲರಿಗೂ ನೆನಪಿರುತ್ತದೆ. ತೂತು ಇರುವುದು ಸಣ್ಣ ಖರ್ಚಿನಲ್ಲಿ.

ಇದಕ್ಕೆ ಮದ್ದು ಬಹಳ ಹಳೆಯದು, ಬಹಳ ಅಗ್ಗದ್ದು. ಒಂದು ನೋಟ್‌ಬುಕ್ಕು. ಎಡಕ್ಕೆ ತಾರೀಕು, ನಡುವೆ ಯಾವುದಕ್ಕೆ, ಬಲಕ್ಕೆ ಎಷ್ಟು. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ. ಫೋನಿನಲ್ಲಿ ಎಲ್ಲವೂ ದಾಖಲಾಗಿರುತ್ತದಲ್ಲ ಎನ್ನಬೇಡಿ. ಫೋನು ಯಾರಿಗೆ ಕೊಟ್ಟಿರಿ ಎಂದು ಹೇಳುತ್ತದೆ, ಯಾತಕ್ಕೆ ಕೊಟ್ಟಿರಿ ಎಂದು ಹೇಳುವುದಿಲ್ಲ. ಅದನ್ನು ನಿಮ್ಮ ಕೈಯಿಂದಲೇ ಬರೆಯಬೇಕು. ಕನ್ನಡದಲ್ಲಿ ಬರೆದರೆ ಇನ್ನೂ ಚೆನ್ನ. ಅಕ್ಷರವೂ ಕೈಗೆ ಹತ್ತುತ್ತದೆ! ಹೀಗೆ ಮೂರು ತಿಂಗಳು ಬರೆದು ನೋಡಿ, ನಿಮ್ಮ ಹಣ ಎಲ್ಲಿಗೆ ಓಡುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಕೆಲಸ, ನಿಮ್ಮದೇ ಪಿಗ್ಮಿ. ತಿಂಗಳ ಕೊನೆಗೆ ಉಳಿದರೆ ಕೂಡಿಡೋಣ ಎಂದರೆ ಏನೂ ಉಳಿಯುವುದಿಲ್ಲ. ಹಣ ಕೈಗೆ ಬಂದ ದಿನವೇ ದಿನಕ್ಕೆ ಐದು ರೂಪಾಯಿಯಂತೆ ತಿಂಗಳಿಗೆ 150 ರೂಪಾಯಿ ತೆಗೆದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಹಾಕಿ. ಹತ್ತು ದಾಟಿದವರು ಅಂಚೆ ಕಚೇರಿಯಲ್ಲೂ ತಮ್ಮ ಹೆಸರಿನಲ್ಲೇ ಖಾತೆ ತೆರೆಯಬಹುದು. ದಿನಕ್ಕೆ ಐದರಂತೆ ವರ್ಷಕ್ಕೆ 1,825 ರೂಪಾಯಿ. ಹತ್ತರಿಂದ ಹದಿನೆಂಟಕ್ಕೆ, ಬಡ್ಡಿ ಬಿಟ್ಟು, 14,600 ರೂಪಾಯಿ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ನಿಜ. ಅಷ್ಟು ಹೊತ್ತಿಗೆ ಬೆಲೆಗಳೂ ಏರಿರುತ್ತವೆ. ಆದರೆ ಎಂಟು ವರ್ಷ ಬಿಡದೆ ಕೂಡಿಟ್ಟ ಕೈ ಮೊದಲ ಸಂಬಳ ಬಂದ ದಿನವೂ ತಾನಾಗಿಯೇ ಕೂಡಿಡುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯಲ್ಲಿ ನಾವು ಹಳ್ಳವನ್ನೇ ನೋಡುತ್ತೇವೆ. ಕಲಿಯಬೇಕಾದದ್ದು ಹನಿಯಿಂದ.

ಅಜ್ಜಿ ಕೊಟ್ಟ ನೋಟು ಯಾರದು?

ಬೇಸಗೆ ರಜೆ ಮುಗಿಸಿ ಊರಿನಿಂದ ಹೊರಡುವಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೈಗೆ ತುರುಕುವ ನೋಟು, ಮದುವೆ ಮುಂಜಿಗಳಲ್ಲಿ ಮಾವ, ಚಿಕ್ಕಪ್ಪ ಕೊಡುವ 101, 501ರ ಲಕೋಟೆ. ನಿಮ್ಮ ವಯಸ್ಸಿನವರಿಗೆ ಇದೇ ದೊಡ್ಡ ಆದಾಯ. ಮನೆ ಮುಟ್ಟುವ ಮೊದಲೇ "ಕೊಡು, ನಾನು ಜೋಪಾನವಾಗಿಡುತ್ತೇನೆ" ಎಂದು ಅಮ್ಮ ತೆಗೆದುಕೊಳ್ಳುತ್ತಾರೆ. ಆಮೇಲೆ ಅದು ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಈ ವಿಷಯದಲ್ಲಿ ನಿಮಗೆ ಒಳಗೊಳಗೇ ಸಿಟ್ಟಿದ್ದರೆ ಅದು ನ್ಯಾಯವೇ.

ಹಿರಿಯರಿಗೆ ಇಲ್ಲಿ ಒಂದು ವಿನಂತಿ. ಆ ಹಣವನ್ನು ಮಗುವಿನ ಖಾತೆಗೇ ಹಾಕಿ. ತುರ್ತಿಗೆ ಮನೆಗೆ ಬೇಕಾದರೆ ಕೇಳಿ ತೆಗೆದುಕೊಳ್ಳಿ, ನೋಟ್‌ಬುಕ್ಕಿನಲ್ಲಿ ಬರೆಸಿ, ಹಿಂದಿರುಗಿಸಿ. ಕೊಟ್ಟ ಮಾತಿಗೂ ಹಣಕ್ಕೂ ಇರುವ ಸಂಬಂಧವನ್ನು ಮಕ್ಕಳು ಕಲಿಯುವುದು ಮನೆಯಲ್ಲೇ.

ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಮಗನಿಗೆ ಕೇಳಿದಾಗ ಹಣ ಸಿಗುತ್ತದೆ, ಮಗಳಿಗೆ ಕೇಳಿದಾಗ ಪ್ರಶ್ನೆ ಸಿಗುತ್ತದೆ. "ನಿನಗೆ ಯಾಕೆ ಹಣ? ಏನು ಬೇಕೋ ಹೇಳು, ನಾವೇ ತಂದು ಕೊಡುತ್ತೇವೆ" ಎನ್ನುವುದು ಪ್ರೀತಿಯಂತೆ ಕಂಡರೂ, ಹಣ ನಡೆಸುವ ವಿದ್ಯೆಯಿಂದ ಮಗಳನ್ನು ದೂರ ಇಟ್ಟಂತೆ. ನಾಳೆ ತನ್ನ ಸಂಬಳದ ಚೀಟಿಯನ್ನು ತಾನೇ ಓದಬೇಕಾದವಳು ಅವಳು.

ಹಾಗೆಯೇ ಮನೆಯ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಮನೆ ಸಾಲದ ಕಂತು ಎಷ್ಟು, ಸೊಸೈಟಿಗೆ ತಿಂಗಳಿಗೆ ಎಷ್ಟು, ಊರಿನ ಮನೆಯ ಹೆಂಚು ಬದಲಾಯಿಸಲು ಎಷ್ಟು, ದೈವದ ಕೋಲಕ್ಕೆ, ದೇವರ ಜಾತ್ರೆಗೆ ವಂತಿಗೆ ಎಷ್ಟು ಎಂದು ತಿಂಗಳಿಗೊಮ್ಮೆ ಅವರನ್ನು ಕೂರಿಸಿಕೊಂಡು ಹೇಳಿ. ಮನೆಯ ಹಾಸಿಗೆ ಎಷ್ಟು ಉದ್ದ ಎಂದೇ ತೋರಿಸದೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ ಅವರು ಏನು ಮಾಡಿಯಾರು?

ಕಾಂಟ್ರಿ ಎಂಬ ಕಷ್ಟ

ಸ್ನೇಹಿತರ ಗುಂಪಿನಲ್ಲಿ "ಕಾಂಟ್ರಿ ಹಾಕೋಣ" ಎಂದಾಗ ಕೈಯಲ್ಲಿ ಹಣವಿಲ್ಲದಿದ್ದರೂ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. ಹಣದ ತಪ್ಪುಗಳಲ್ಲಿ ಹೆಚ್ಚಿನವು ಆಸೆಯಿಂದಲ್ಲ, ಈ ನಾಚಿಕೆಯಿಂದ ಆಗುತ್ತವೆ. ನಾಚಿಕೆ ಮುಚ್ಚಲು ಒಬ್ಬರಿಂದ ಸಾಲ, ಅದನ್ನು ತೀರಿಸಲು ಇನ್ನೊಬ್ಬರಿಂದ ಸಾಲ, ಕೊನೆಗೆ ಮನೆಯಲ್ಲಿ ಸುಳ್ಳು. "ಈ ತಿಂಗಳು ನನ್ನಿಂದಾಗದು, ನೀವು ಹೋಗಿ ಬನ್ನಿ" ಎಂದು ನಗುನಗುತ್ತಾ ಹೇಳಲು ಈಗಲೇ ರೂಢಿ ಮಾಡಿಕೊಳ್ಳಿ. ಹಾಗೆ ಹೇಳಿದ್ದಕ್ಕೆ ದೂರವಾಗುವ ಸ್ನೇಹಿತ ಹೋದರೆ ನಷ್ಟವೇನಿಲ್ಲ.

ಈ ನಾಚಿಕೆಯನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಸ್ವಲ್ಪ ದಿನ ಕೊಡು, ಕೆಲವು ಸಾವಿರ ಕೊಡುತ್ತೇವೆ" ಎಂದು ಕಾಲೇಜು ಹುಡುಗರ ಬಳಿ ಬರುತ್ತಾರೆ. ಬೇರೆಯವರಿಗೆ ಮೋಸ ಮಾಡಿ ದೋಚಿದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ! ಪಾಸ್‌ಬುಕ್ಕು, ಕಾರ್ಡು, ಪಿನ್, ಒಟಿಪಿ ಯಾವುದನ್ನೂ ಪ್ರಾಣಸ್ನೇಹಿತನಿಗೂ ಕೊಡಬೇಡಿ. ಮೋಸಕ್ಕೆ ಸಿಕ್ಕಿ ಹಣ ಹೋದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ತಕ್ಷಣ ಮನೆಯವರಿಗೆ ತಿಳಿಸಿ, 1930 ಸಂಖ್ಯೆಗೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಹದಿನೆಂಟರ ಮರುದಿನ

ಹುಟ್ಟುಹಬ್ಬದ ಕೇಕು ಕತ್ತರಿಸಿ ಮುಗಿಯುವುದರೊಳಗೆ ಬೇಲಿ ತೆರೆದಿರುತ್ತದೆ. ಇನ್ನು ನೀವು ಸಾಲಕ್ಕೆ ಅರ್ಹರು! "ಈಗ ಕೊಳ್ಳಿ, ಆಮೇಲೆ ಕೊಡಿ" ಎಂಬ ಗುಂಡಿ ಫೋನಿನಲ್ಲಿ ಮಿನುಗುತ್ತದೆ. ಅನೇಕ ಕ್ರೆಡಿಟ್ ಕಾರ್ಡುಗಳಲ್ಲಿ ಕಟ್ಟದೆ ಉಳಿದ ಬಾಕಿಗೆ ತಿಂಗಳಿಗೆ ಶೇಕಡಾ ಮೂರಕ್ಕೂ ಹೆಚ್ಚು ಬಡ್ಡಿ. ಮೂರರ ಲೆಕ್ಕದಲ್ಲೇ 10,000 ರೂಪಾಯಿ ಬಾಕಿಗೆ ಮೊದಲ ತಿಂಗಳೇ 300 ರೂಪಾಯಿ. ವರ್ಷಕ್ಕೆ ಶೇಕಡಾ 36, ಮೇಲೆ ದಂಡ ಬೇರೆ. ನಿಮ್ಮ ಉಳಿತಾಯ ಖಾತೆಯಲ್ಲಿ ವರ್ಷಪೂರ್ತಿ ಸಿಗುವ ಬಡ್ಡಿಯ ಪಕ್ಕದಲ್ಲಿ ಈ ಅಂಕಿಯನ್ನು ಬರೆದು ನೋಡಿ. ಸಾಲ ಪಡೆದು ಸಮಯಕ್ಕೆ ತೀರಿಸದಿದ್ದರೆ, ಮೊತ್ತ ಸಣ್ಣದಾದರೂ, ಅದು ಸಾಲದ ದಾಖಲೆ ಇಡುವ ಸಂಸ್ಥೆಗಳ ಪುಸ್ತಕಕ್ಕೆ ಹೋಗುತ್ತದೆ. 300ರಿಂದ 900ರವರೆಗಿನ ಅಂಕದಲ್ಲಿ ನಿಮ್ಮ ಅಂಕ ಇಳಿಯುತ್ತದೆ. ಹತ್ತೊಂಬತ್ತರಲ್ಲಿ ಒಂದು ಜೊತೆ ಶೂಗೆ ಮಾಡಿದ ಸಾಲ ಆಮೇಲೆ ಉನ್ನತ ಓದಿನ ಸಾಲಕ್ಕೆ ಅಡ್ಡ ಬರಬಹುದು.

ಆ್ಯಪ್‌ಗಳ ಮೂಲಕ ಕೊಡುವ ಸಾಲಕ್ಕೆ 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿತು. ಸಾಲದ ಒಟ್ಟು ವಾರ್ಷಿಕ ವೆಚ್ಚ ಎಷ್ಟೆಂದು ತಿಳಿಸುವ ವಿವರಪತ್ರವನ್ನು ಮೊದಲೇ ಕೊಡಬೇಕು. ಆ ಪತ್ರ ಕೊಡದವರ ಬಳಿ ನಿಲ್ಲಬೇಡಿ. ಕೊಟ್ಟರೆ ಓದದೆ ಒಪ್ಪಬೇಡಿ.

ಹದಿನೆಂಟು ತುಂಬಿದಾಗ ಬ್ಯಾಂಕು ನಿಮ್ಮನ್ನು ಕರೆದು ಹೊಸದಾಗಿ ಮಾದರಿ ಸಹಿ ತೆಗೆದುಕೊಳ್ಳುತ್ತದೆ. ಮಗುವಿನ ಸಹಿಯ ಜಾಗದಲ್ಲಿ ಪ್ರಾಪ್ತ ವಯಸ್ಕರ ಸಹಿ. ಅಂದಿನಿಂದ ಆ ಸಹಿಗೆ ನೀವೇ ಜವಾಬ್ದಾರರು. ಅದಕ್ಕೆ ಬೇಕಾದ ತಯಾರಿ ದೊಡ್ಡದೇನಲ್ಲ. ಒಂದು ನೋಟ್‌ಬುಕ್ಕು, ನಿಮ್ಮ ಹೆಸರಿನ ಒಂದು ಖಾತೆ, ದಿನಕ್ಕೆ ಐದು ರೂಪಾಯಿ. ಹತ್ತು ದಾಟಿದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಬರುವ ಶನಿವಾರ ಅವರನ್ನೂ ಕರೆದುಕೊಂಡು ಹತ್ತಿರದ ಅಂಚೆ ಕಚೇರಿಗೆ ಹೋಗಿ ಬನ್ನಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಎಂಬುದು ನೆನಪಿರಲಿ!